ಫೋನು ನಿಮ್ಮದು, ಒತ್ತುವ ಬೆರಳು ಯಾರದು?

ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯ ಅರಿವು ಕೇಂದ್ರದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಕೇಳಿದವರು ಬರೆದುಕೊಡಿ ಎಂದರು. ನಡುವೆ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹಳ ಜನಕ್ಕೆ ನನ್ನ ಗುರುತಿದೆ. ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು ನಾನು. ನಿವೃತ್ತಿಯಾದ ಮೇಲೆ ಭಾನುವಾರಗಳಂದು ಇದೇ ಗ್ರಂಥಾಲಯದ ಮೂಲೆಯ ಮೇಜಿನಲ್ಲಿ ಕೂತು, ಬಂದವರಿಗೆ ಫೋನು ಹೇಳಿಕೊಡುತ್ತಿದ್ದೇನೆ. ಹೀಗೆ ಕೂತಾಗ ಕಂಡದ್ದನ್ನೇ ಇವತ್ತು ಹೇಳುತ್ತೇನೆ.

2023ರ ಕೊನೆ ಇರಬೇಕು. ಗೃಹಲಕ್ಷ್ಮಿ ಯೋಜನೆ ಶುರುವಾಗಿ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿದ್ದ ಕಾಲ. ಒಬ್ಬ ಅಜ್ಜಿ ಬಂದರು. ಎಲೆ ಅಡಿಕೆಯ ಸಂಚಿಯೊಳಗಿಂದ ಫೋನು ತೆಗೆದು ನನ್ನ ಮುಂದಿಟ್ಟು, 'ನನ್ನ ದುಡ್ಡು ಬಂದೈತಾ ನೋಡವ್ವ' ಅಂದರು. ಫೋನಿನ ಹಿಂಬದಿಗೆ ಪಾರದರ್ಶಕ ಕವರು. ಅದರೊಳಗೆ ಮನೆದೇವರ ಒಂದು ಪುಟ್ಟ ಪಟ. ಪಟದ ಕೆಳಗೆ ನೋಟ್‌ಬುಕ್ಕಿನಿಂದ ಹರಿದ ಒಂದು ಚೀಟಿ, ಅದರ ಮೇಲೆ ನೀಲಿ ಇಂಕಿನಲ್ಲಿ ನಾಲ್ಕು ಅಂಕಿ. 'ಇದೇನಜ್ಜಿ?' ಅಂದೆ. 'ಅದು ನನ್ನ ಪಿನ್ನು ಕಣವ್ವ. ಅಂಗಡಿ ಹುಡುಗ ಬರ್ಕೊಟ್ಟವ್ನೆ. ನಂಗೆ ನೆಪ್ಪಿರಲ್ಲ ಅಂತ.'

ಅಂಗಡಿಯ ಹುಡುಗ ಒಳ್ಳೆಯವನೇ. ಖಾತೆ ನೋಡಿದೆ, ಒಂದು ರೂಪಾಯಿಯೂ ಆಚೀಚೆ ಆಗಿರಲಿಲ್ಲ. ಆದರೂ ಆ ಚೀಟಿ ನೋಡಿ ನನಗೆ ಎದೆ ಝಲ್ಲೆಂದಿತು. ಯಾಕೆ ಅಂದರೆ, ಇದೇ ಅಜ್ಜಿ ಹದಿನೈದು ವರ್ಷದ ಹಿಂದೆ ನಮ್ಮ ಕೌಂಟರಿಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತು. ಅಕ್ಷರ ಬಾರದವರ ಖಾತೆಯಿಂದ ದುಡ್ಡು ತೆಗೆಯಬೇಕಾದರೆ ಖಾತೆದಾರರೇ ಖುದ್ದು ಬರಬೇಕಿತ್ತು. ಪಾಸ್‌ಬುಕ್ ತರಬೇಕಿತ್ತು. ಭಾವಚಿತ್ರಕ್ಕೆ ಮುಖ ತಾಳೆ ನೋಡಿ, ನಮ್ಮ ಎದುರಿಗೇ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದೆವು. ಮಗನೇ ಬಂದು 'ಅಮ್ಮನ ಪರವಾಗಿ ನಾನು ಒತ್ತುತ್ತೇನೆ' ಎಂದರೂ ಕೊಡುತ್ತಿರಲಿಲ್ಲ. ಹೆಬ್ಬೆಟ್ಟು ಎಂದು ಊರಿನಲ್ಲಿ ಹಗುರವಾಗಿ ಆಡಿಕೊಳ್ಳುತ್ತಿದ್ದರು, ಬ್ಯಾಂಕಿನಲ್ಲಿ ಮಾತ್ರ ಅದಕ್ಕೆ ಪೂರ್ತಿ ಮರ್ಯಾದೆ ಇತ್ತು. ಇವತ್ತು ಆ ನಾಲ್ಕು ಅಂಕಿಯೇ ಅಜ್ಜಿಯ ಹೆಬ್ಬೆಟ್ಟು. ಅದನ್ನು ಕತ್ತರಿಸಿ ಫೋನಿನ ಬೆನ್ನಿಗೆ ಅಂಟಿಸಿದ ಹಾಗಿತ್ತು ನನಗೆ.

ಆಮೇಲೆ ಗಮನಿಸುತ್ತಾ ಹೋದೆ. ನಮ್ಮಲ್ಲಿ ಫೋನು ಇಲ್ಲದ ಮನೆ ಇಲ್ಲ. ಸಿಮ್ಮು ಅವರವರ ಹೆಸರಿನಲ್ಲೇ ಇದೆ, ದುಡ್ಡು ಅವರದೇ, ಜಮೀನು ಅವರದೇ. ಒತ್ತುವ ಬೆರಳು ಮಾತ್ರ ಬೇರೆಯವರದು: ಮೊಮ್ಮಗನದು, ಸೈಬರ್ ಸೆಂಟರಿನವನದು, ಪಕ್ಕದ ಮನೆಯ ಕಾಲೇಜು ಹುಡುಗಿಯದು. ಅವರಲ್ಲಿ ಮೋಸಗಾರರು ಎಲ್ಲೋ ಒಬ್ಬರು. ನನ್ನ ಸಂಕಟ ಮೋಸದ್ದಷ್ಟೇ ಅಲ್ಲ. ನಿಮ್ಮ ಖಾತೆಯಲ್ಲಿ ಎಷ್ಟಿದೆ, ಯಾವ ಡಾಕ್ಟರ ಹತ್ತಿರ ಹೋದಿರಿ, ಮಗಳಿಗೆ ಎಷ್ಟು ಕಳಿಸಿದಿರಿ ಎಂಬುದು ನಿಮಗಿಂತ ಮುಂಚೆ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಮಗಳಿಗೆ ನೂರು ರೂಪಾಯಿ ಹೆಚ್ಚು ಕಳಿಸಬೇಕೆಂದರೆ ಸೊಸೆಯ ಮಗನ ಬೆರಳು ಬೇಕು. ಇದು ನನಗೆ ಸಹಿಸುವುದಿಲ್ಲ.

ಇಷ್ಟು ಬೇಗ ಇಲ್ಲಿಗೆ ಬಂದದ್ದು ಹೇಗೆ? ನಮ್ಮ ದೇಶದಲ್ಲಿ ಮೊಬೈಲಿನಿಂದ ಮೊದಲ ಕರೆ ಹೋದದ್ದು 1995ರ ಜುಲೈ 31ರಂದು. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಆ ಕಾಲದಲ್ಲೇ ನಮ್ಮ ಜನ ಮಿಸ್ಡ್ ಕಾಲ್ ಎನ್ನುವ ಭಾಷೆಯನ್ನು ಕಟ್ಟಿಕೊಂಡರು. ಒಂದು ರಿಂಗಾದರೆ 'ಬಸ್ಸು ಇಳಿದೆ', ಎರಡಾದರೆ 'ಹಿಂದಕ್ಕೆ ಕರೆ ಮಾಡು'. ಬೆಂಗಳೂರಿನ ಜಿಪ್‌ಡಯಲ್ ಎಂಬ ಕಂಪನಿ ಈ ಮಿಸ್ಡ್ ಕಾಲನ್ನೇ ವ್ಯಾಪಾರ ಮಾಡಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. 2014ರ ಡಿಸೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಕರ್ನಾಟಕ ಮೊಬೈಲ್ ಒನ್ ಎಂದು ಸರ್ಕಾರಿ ಸೇವೆಗಳನ್ನೆಲ್ಲ ಮೊಬೈಲಿಗೆ ತಂದಾಗ ಹಳ್ಳಿಯಲ್ಲಿ ಅದನ್ನು ತೆರೆಯುವ ಫೋನೂ ಕಡಿಮೆ, ಇಂಟರ್‌ನೆಟ್ಟೂ ತುಟ್ಟಿ. 2016ರಲ್ಲಿ ಎಲ್ಲವೂ ಒಟ್ಟಿಗೆ ಬದಲಾಯಿತು. ಏಪ್ರಿಲಿನಲ್ಲಿ ಯುಪಿಐ ಬಂತು, ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ನವೆಂಬರಿನಲ್ಲಿ ನೋಟು ರದ್ದಾಯಿತು. ಆ ಚಳಿಗಾಲ ಕೌಂಟರಿನ ಒಳಗೆ ಕೂತಿದ್ದ ನಮ್ಮಂಥವರಿಗೂ, ಹೊರಗೆ ಸಾಲಿನಲ್ಲಿ ನಿಂತಿದ್ದ ನಿಮಗೂ ಮರೆಯುವಂಥದ್ದಲ್ಲ.

ಈಗ ಯುಪಿಐ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚು ಗೊಂದಲ ಇರುವುದು ಇಲ್ಲೇ.

ಸಂತೆಯಲ್ಲಿ ವೀಳ್ಯದೆಲೆ ಮಾರುವವರ ಮುಂದೆ ಕಪ್ಪು ಬಿಳುಪಿನ ಒಂದು ಚೌಕ ಇರುತ್ತದಲ್ಲ, ಅದರೊಳಗೆ ದುಡ್ಡಿಲ್ಲ. ಇರುವುದು ಒಂದು ವಿಳಾಸ. ಅಂಚೆ ಲಕೋಟೆಯ ಮೇಲೆ ಬರೆದ ಹಾಗೆ, 'ಈ ದುಡ್ಡು ಇಂಥವರಿಗೆ ತಲುಪಬೇಕು' ಎಂದು. ನೀವು ಸ್ಕ್ಯಾನ್ ಮಾಡಿದಾಗ ನಿಮ್ಮ ಫೋನು ಆ ವಿಳಾಸ ಓದುತ್ತದೆ, ಹೆಸರು ತೋರಿಸುತ್ತದೆ. ಆ ಹೆಸರನ್ನು ಓದಿ. ಅರ್ಧ ಜನ ಓದುವುದೇ ಇಲ್ಲ. ಅಂಗಡಿಯವರ ಚೌಕದ ಮೇಲೆ ತಮ್ಮದೊಂದು ಚೌಕ ಅಂಟಿಸಿ ಹೋದ ಕಳ್ಳರಿದ್ದಾರೆ. ಹೆಸರು ಓದಿದ ಗಿರಾಕಿಯಿಂದ ಅದು ಬಯಲಾಗುತ್ತದೆ. ಮೊತ್ತ ಹಾಕಿದ ಮೇಲೆ ಪಿನ್ ಕೇಳುತ್ತದೆ. ಆ ಪಿನ್ ಒತ್ತುವ ಪುಟ ಆ್ಯಪ್‌ನವರದಲ್ಲ, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮದ್ದು. ನೀವು ಯಾವ ಕಂಪನಿಯ ಆ್ಯಪ್ ಹಾಕಿಕೊಂಡಿದ್ದರೂ ಅದು ಬರೀ ಬಾಗಿಲು. ಪಿನ್ನು ಬೀಗ ಹಾಕಿಕೊಂಡೇ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕು ತಾಳೆ ನೋಡಿ, ನಿಮ್ಮ ಖಾತೆಯಿಂದ ಕಳೆದು, ಎಲೆಯವರ ಬ್ಯಾಂಕಿಗೆ ಕೂಡಿಸುತ್ತದೆ. ಆಮೇಲೆ ಅವರ ಪಕ್ಕದ ಪೆಟ್ಟಿಗೆ ಕನ್ನಡದಲ್ಲೇ ಕೂಗುತ್ತದೆ. ಆ ಪೆಟ್ಟಿಗೆಯೊಳಗೂ ಒಂದು ಸಿಮ್ ಇದೆ, ಅದಕ್ಕೆ ಸುದ್ದಿ ಬರುವುದು ಅದರ ಕಂಪನಿಯಿಂದಲೇ, ನಿಮ್ಮ ಫೋನಿನಿಂದ ಅಲ್ಲ. ಅದಕ್ಕೇ ವ್ಯಾಪಾರ ಮಾಡುವವರು ಗಿರಾಕಿಯ ಫೋನಿನ ಪರದೆಯನ್ನು ನಂಬಬಾರದು, ಪೆಟ್ಟಿಗೆಯ ದನಿಯನ್ನು ನಂಬಬೇಕು. ದುಡ್ಡು ಹೋದ ಹಾಗೆ ಸುಳ್ಳು ಪರದೆ ತೋರಿಸುವ ಆ್ಯಪ್‌ಗಳೇ ಇವೆ.

ಇದರಲ್ಲಿ ನೆನಪಿಡಬೇಕಾದ್ದು ಒಂದೇ ಒಂದು. ಪಿನ್ ಬೇಕಾಗುವುದು ದುಡ್ಡು ಹೋಗುವಾಗ, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವಾಗ. ದುಡ್ಡು ಬರುವುದಕ್ಕೆ ಪಿನ್ ಬೇಡ. ಎಲೆ ಮಾರುವವರು ದಿನಕ್ಕೆ ನೂರು ಸಲ ದುಡ್ಡು ಈಸಿಕೊಳ್ಳುತ್ತಾರೆ, ಒಂದು ಸಲವಾದರೂ ಪಿನ್ ಒತ್ತುತ್ತಾರಾ? ಇಲ್ಲ. 'ನಿಮಗೆ ದುಡ್ಡು ಬರಬೇಕಿದೆ, ಪಿನ್ ಒತ್ತಿ' ಎಂದು ಯಾರಾದರೂ ಅಂದರೆ, ಅಂದವರು ಯಾರೇ ಆಗಿರಲಿ, ಕರೆ ಕತ್ತರಿಸಿ. ದುಡ್ಡು ಕೇಳುವ ಮನವಿಯನ್ನೇ ದುಡ್ಡು ಕೊಡುವ ಸಂದೇಶದಂತೆ ತೋರಿಸಿ ದೋಚುವುದು ಎಷ್ಟು ಹೆಚ್ಚಾಯಿತೆಂದರೆ, ವ್ಯಕ್ತಿಯಿಂದ ವ್ಯಕ್ತಿಗೆ ಹಾಗೆ ದುಡ್ಡು ಕೇಳುವ ಸೌಕರ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿಬಿಟ್ಟರು.

ಮುಂದಿನ ಸಾಲಿನಲ್ಲಿ ಕೂತ ಚಿಲ್ಲರೆ ಅಂಗಡಿಯ ಅಣ್ಣ ಈಗ ಕೈ ಎತ್ತಿದರು. 'ಮೇಡಂ, ಸ್ಕ್ಯಾನ್ ಮಾಡಿಸ್ಕೊಂಡ್ರೆ ಟ್ಯಾಕ್ಸ್ ನೋಟಿಸ್ ಬರುತ್ತಲ್ಲ?' ನ್ಯಾಯವಾದ ಭಯ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ 'ಕ್ಯಾಶ್ ಮಾತ್ರ' ಎಂಬ ಬೋರ್ಡು ಬಿತ್ತು. ಆಮೇಲೆ ಸರ್ಕಾರ ಹಳೆಯ ಬಾಕಿಯ ಒತ್ತಾಯ ಬಿಟ್ಟಿತು. ತಿಳಿದಿರಬೇಕಾದ್ದು ಇಷ್ಟು: ಸಾಮಾನು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಸೇವೆಗಾದರೆ 20 ಲಕ್ಷ. ಆ ಮಿತಿಗೆ ನಗದೂ ಸೇರುತ್ತದೆ, ಸ್ಕ್ಯಾನೂ ಸೇರುತ್ತದೆ. ಬೋರ್ಡು ತಿರುಗಿಸಿದರೆ ಲೆಕ್ಕ ತಿರುಗುವುದಿಲ್ಲ. ಇನ್ನೊಂದು, ಮಗಳು ಕಳಿಸಿದ ದುಡ್ಡು, ಚೀಟಿಯ ದುಡ್ಡು, ಅಂಗಡಿಯ ದುಡ್ಡು ಎಲ್ಲವೂ ಒಂದೇ ಖಾತೆಗೆ ಬೀಳುವಂತೆ ಮಾಡಬೇಡಿ. ಅಂಗಡಿಗೆ ಬೇರೆ ಖಾತೆ ಇಟ್ಟರೆ ಕೇಳಿದಾಗ ತೋರಿಸಲು ಸುಲಭ.

ಈಗ ನನಗೆ ಬಹಳ ಪ್ರೀತಿಯ ವಿಷಯಕ್ಕೆ ಬರುತ್ತೇನೆ: ಫೋನಿನ ಕನ್ನಡ.

ಒಂದು ಕಾಲಕ್ಕೆ ಫೋನಿನಲ್ಲಿ ಕನ್ನಡ ಅಂದರೆ ಬರೀ ಚೌಕ ಚೌಕ ಡಬ್ಬಿಗಳು. ಆಂಡ್ರಾಯ್ಡ್ ಫೋನುಗಳು ಕನ್ನಡ ಅಕ್ಷರವನ್ನು ತಾವಾಗಿಯೇ ಸರಿಯಾಗಿ ತೋರಿಸತೊಡಗಿದ್ದು 2012ರಲ್ಲಿ. ಒತ್ತಕ್ಷರ ತನ್ನ ಜಾಗಕ್ಕೆ ಬಂದು ಕೂತದ್ದು ನೋಡಿ ಆಗ ಎಷ್ಟು ಸಂತೋಷಪಟ್ಟಿದ್ದೆ! ಆದರೂ ಬೆರಳಿನಲ್ಲಿ ಕನ್ನಡ ಒತ್ತುವುದು ನಮ್ಮ ಹಿರಿಯರಿಗೆ ಕಷ್ಟವೇ ಆಯಿತು. ನಿಜವಾದ ಬಾಗಿಲು ತೆರೆದದ್ದು 2017ರ ಆಗಸ್ಟಿನಲ್ಲಿ, ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದಾಗ. ಕೀಲಿಮಣೆಯ ಮೇಲೆ ಒಂದು ಪುಟ್ಟ ಮೈಕಿನ ಚಿತ್ರ ಇರುತ್ತದೆ. ಅದನ್ನು ಒತ್ತಿ ಮಾತಾಡಿ, ಅದೇ ಬರೆದುಕೊಳ್ಳುತ್ತದೆ.

ಕಳೆದ ತಿಂಗಳು ತೆಂಗಿನ ತೋಟದ ಒಬ್ಬ ಯಜಮಾನರಿಗೆ ಇದನ್ನು ತೋರಿಸಿದೆ. ಸಂಕೋಚಪಟ್ಟು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಪಕ್ಕದವರಿಗೆ ಕೇಳಿಸದ ಹಾಗೆ 'ತಿಪಟೂರು ಕೊಬ್ಬರಿ ಧಾರಣೆ' ಅಂದರು. ಪರದೆಯ ಮೇಲೆ ಮೂರು ಪದ ಮೂಡಿದವು. ಅವರು ಅಕ್ಷರ ಬಲ್ಲವರು, ನಾಲ್ಕನೇ ಕ್ಲಾಸು. ಒಂದೊಂದೇ ಅಕ್ಷರದ ಮೇಲೆ ಬೆರಳು ಓಡಿಸಿ ಓದಿದರು. 'ಕೊಬ್ಬರಿ'ಯ ಒತ್ತಿನ ಮೇಲೆ ಬೆರಳು ನಿಂತಿತು. 'ಬಾ ವತ್ತೂ ಸರಿಯಾಗಿ ಹಾಕೈತಲ್ಲವ್ವ' ಅಂದರು. ಆಮೇಲೆ ಅರ್ಧ ಗಂಟೆ ನನಗೆ ಫೋನು ಕೊಡಲಿಲ್ಲ. ಅರಸೀಕೆರೆ ಧಾರಣೆ, ಹೇಮಾವತಿ ನೀರು, ಎಲ್ಲ ಕೇಳಿ ಕೇಳಿ ನೋಡಿದರು.

ಕನ್ನಡದ ವಿಷಯದಲ್ಲಿ ನನ್ನದೊಂದು ದೂರೂ ಇದೆ. ಮೊದಲ ಪುಟದಲ್ಲಿ 'ಕನ್ನಡ' ಎಂದು ಆಯ್ಕೆ ಕೊಟ್ಟ ಎಷ್ಟೋ ಆ್ಯಪ್‌ಗಳು ಮೂರನೇ ಪುಟದಲ್ಲಿ ಇಂಗ್ಲಿಷಿಗೆ ತಿರುಗುತ್ತವೆ. ಅದೂ ಎಲ್ಲಿ? ಷರತ್ತು ಬರೆದಲ್ಲಿ, ಬಡ್ಡಿ ಎಷ್ಟು ಎಂದು ಬರೆದಲ್ಲಿ, ಏನು ತಪ್ಪಾಯಿತು ಎಂದು ಹೇಳುವಲ್ಲಿ. ಓದಲೇಬೇಕಾದ ಜಾಗವೇ ನಮಗೆ ಓದಲು ಬಾರದ ಭಾಷೆಯಲ್ಲಿ. ನನ್ನ ತಂಗಿಯ ಗಂಡನ ರೀಚಾರ್ಜ್ ದುಡ್ಡು ಸಿಕ್ಕಿಕೊಂಡಾಗ ಸಹಾಯವಾಣಿಯಲ್ಲಿ ಕನ್ನಡದ ಸಂಖ್ಯೆ ಒತ್ತಿ ಇಪ್ಪತ್ತು ನಿಮಿಷ ಕಾದೆವು. ಕೊನೆಗೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಇಂಥ ಕಡೆ ಸುಮ್ಮನಿರಬೇಡಿ. ಆ್ಯಪ್ ಸ್ಟೋರಿನಲ್ಲಿ ವಿಮರ್ಶೆ ಬರೆಯುವ ಜಾಗ ಇದೆ, ಅಲ್ಲಿ ಕನ್ನಡದಲ್ಲೇ ಬರೆಯಿರಿ. ಮೈಕು ಇದೆಯಲ್ಲ, ಮಾತಾಡಿದರೆ ಸಾಕು.

ಅಲ್ಲಿಯವರೆಗೆ ಒಂದು ಉಪಾಯ ಇದೆ. ಗೂಗಲ್ ಲೆನ್ಸ್‌ನಲ್ಲಿ ಅನುವಾದ ಆರಿಸಿ ಕ್ಯಾಮೆರಾವನ್ನು ಇಂಗ್ಲಿಷ್ ಬರಹದ ಮೇಲೆ ಹಿಡಿದರೆ ಅದೇ ಜಾಗದಲ್ಲಿ ಕನ್ನಡ ತೋರಿಸುತ್ತದೆ. ಔಷಧಿ ಸಿಂಪಡಿಸುವ ಡಬ್ಬಿಯ ಮೇಲಿನ ಎಚ್ಚರಿಕೆ ಓದುವುದಕ್ಕೆ ನಾವು ಇದನ್ನು ಬಹಳ ಬಳಸಿದ್ದೇವೆ. ಪ್ರಮಾಣವನ್ನು ಮಾತ್ರ ಅದರಿಂದ ನಿರ್ಧರಿಸಬೇಡಿ, ಅನುವಾದದಲ್ಲಿ ತಪ್ಪು ನುಸುಳುತ್ತದೆ. ಮಾತ್ರೆಯ ಲೆಕ್ಕ ಡಾಕ್ಟರನ್ನೇ ಕೇಳಿ, ಬೆಳೆ ಔಷಧಿಯ ಲೆಕ್ಕ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಜಮೀನಿನ ವಿಷಯಕ್ಕೆ ಬಂದರೆ, ದಿಶಾಂಕ್ ಎಂಬ ಆ್ಯಪ್ ಪ್ರತಿ ರೈತನ ಫೋನಿನಲ್ಲೂ ಇರಬೇಕು. ರಾಜ್ಯ ದೂರಸಂವೇದಿ ಕೇಂದ್ರ ಮಾಡಿದ್ದು. ಹೊಲದಲ್ಲಿ ನಿಂತು ತೆರೆದರೆ ನೀವು ನಿಂತದ್ದು ಯಾವ ಸರ್ವೆ ನಂಬರು, ಪಕ್ಕದಲ್ಲಿ ಕೆರೆಯಂಗಳವಿದೆಯೋ ರಾಜಕಾಲುವೆಯಿದೆಯೋ ಎಂದು ನಕ್ಷೆಯ ಮೇಲೆ ತೋರಿಸುತ್ತದೆ. ಸೈಟು ಕೊಳ್ಳಲು ಹೋದವರು ಮುಂಗಡ ಕೊಡುವ ಮುಂಚೆ ಒಂದು ಸಲ ಅಲ್ಲಿ ನಿಂತು ನೋಡಿದ್ದರೆ ಎಷ್ಟೋ ಕಣ್ಣೀರು ತಪ್ಪುತ್ತಿತ್ತು. ಹದ್ದುಬಸ್ತಿನ ಜಗಳಕ್ಕೆ ಇದನ್ನು ಹಿಡಿದುಕೊಂಡು ಹೋಗಬೇಡಿ. ಫೋನಿನ ಜಿಪಿಎಸ್ ಕೆಲವು ಮೀಟರು ಆಚೀಚೆ ತೋರಿಸುತ್ತದೆ, ಬದುವಿನ ತೀರ್ಮಾನಕ್ಕೆ ಸರ್ವೆಯವರ ಅಳತೆಯೇ ಆಗಬೇಕು.

ಬೆಳೆ ಸಮೀಕ್ಷೆಯ ಆ್ಯಪ್ ನೆನಪಿದೆಯಲ್ಲ? 2020ರಲ್ಲಿ 'ನನ್ನ ಬೆಳೆ ನನ್ನ ಹಕ್ಕು' ಎಂದು ರೈತರೇ ತಮ್ಮ ಬೆಳೆಯ ಫೋಟೋ ಹಿಡಿದು ಹಾಕುವಂತೆ ಮಾಡಿದರು. ನಮ್ಮೂರಿನಲ್ಲಿ ಬಹಳ ಜನ, ಸಮೀಕ್ಷೆಗೆಂದು ನೇಮಿಸಿಕೊಂಡ 'ಖಾಸಗಿ ನಿವಾಸಿ' ಎಂಬ ಊರ ಹುಡುಗರು ಬಂದು ಹಾಕುತ್ತಾರೆಂದು ಬಿಟ್ಟರು. ತೆಂಗಿನ ತೋಟ ಎಂದು ಇರಬೇಕಾದಲ್ಲಿ ಬೇರೇನೋ ನಮೂದಾಗಿ, ಆಮೇಲೆ ತಿದ್ದಿಸಲು ಅಲೆದವರು ಈ ಸಭೆಯಲ್ಲೇ ಇದ್ದೀರಿ. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಬಂದಾಗ ನೋಂದಣಿಗೆ ಫ್ರೂಟ್ಸ್ ಸಂಖ್ಯೆ, ಅಂದರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ, ಬೇಕಾಯಿತು. ಆ ಸಂಖ್ಯೆ ತಮ್ಮ ಫೋನಿನಲ್ಲೇ ಇದ್ದವರು ಸಾಲಿನ ಮುಂದೆ ನಿಂತರು. ಅದು ಯಾರ ಹತ್ತಿರವಿದೆ ಎಂದು ಹುಡುಕಿಕೊಂಡು ಹೊರಟವರು ಹಿಂದೆ ಉಳಿದರು.

ಸಿಡಿಲಿನ ಬಗ್ಗೆ ಒಂದು ಮಾತು. ಮುಂಗಾರಿಗೆ ಮುಂಚಿನ ಮಳೆಯಲ್ಲಿ ನಮ್ಮ ಕಡೆ ತೆಂಗಿನ ಮರಕ್ಕೆ ಸಿಡಿಲು ಬಡಿಯದ ವರ್ಷ ಇಲ್ಲ, ಮರದ ಕೆಳಗೆ ನಿಂತವರನ್ನೂ ಅದು ಬಿಟ್ಟಿಲ್ಲ. ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯವರು ದಾಮಿನಿ ಎಂಬ ಆ್ಯಪ್ ಮಾಡಿದ್ದಾರೆ, ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರಿನೊಳಗೆ ಸಿಡಿಲಿನ ಸೂಚನೆ ಇದ್ದರೆ ತಿಳಿಸುತ್ತದೆ. ನಮ್ಮ ರಾಜ್ಯದ ವಿಕೋಪ ನಿರ್ವಹಣಾ ಕೇಂದ್ರದ್ದು 'ಸಿಡಿಲು' ಎಂಬ ಹೆಸರಿನಲ್ಲೇ ಇದೆ. ಕುರಿ ಮೇಯಿಸಲು ಹೋಗುವ ಹುಡುಗರ ಫೋನಿನಲ್ಲಿ ಹಾಡು ಇದೆ, ಆಟ ಇದೆ, ಇದು ಇಲ್ಲ. ದಯವಿಟ್ಟು ಇವತ್ತೇ ಹಾಕಿಸಿ. 2023ರ ಅಕ್ಟೋಬರ್ 12ರಂದು ಎಲ್ಲರ ಫೋನೂ ಏಕಕಾಲಕ್ಕೆ ಸೈರನ್ನಿನ ಹಾಗೆ ಕಿರುಚಿಕೊಂಡಿತಲ್ಲ, ನಿಮ್ಮಲ್ಲಿ ಕೆಲವರು ಫೋನನ್ನು ನೀರಿನ ತೊಟ್ಟಿಯ ಹತ್ತಿರ ಇಟ್ಟು ಓಡಿದ್ದಿರಿ. ಅದು ಸ್ಫೋಟದ ಸೂಚನೆ ಆಗಿರಲಿಲ್ಲ, ನೆರೆ, ಭೂಕಂಪದಂಥ ಹೊತ್ತಿನಲ್ಲಿ ಒಂದು ಪ್ರದೇಶದ ಎಲ್ಲ ಫೋನಿಗೂ ಒಟ್ಟಿಗೆ ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ. ಮುಂದೆ ಹಾಗೆ ಕೂಗಿದರೆ ಫೋನು ಬಿಸಾಡಬೇಡಿ, ಓದಿ.

ಈ ಮೇಜಿಗೆ ಬರುವವರಲ್ಲಿ ಕಣ್ಣು ಕಾಣದ ಒಬ್ಬರಿದ್ದಾರೆ. ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುತ್ತಾರೆ. ಹೊಸ ನೋಟುಗಳು ಬಂದ ಮೇಲೆ ಅವುಗಳ ಅಳತೆ ಬದಲಾಗಿ, ಬೆರಳಿನಿಂದ ಮಡಚಿ ನೋಡುವ ಅವರ ಹಳೆಯ ಲೆಕ್ಕ ತಪ್ಪಿತು. 2020ರ ಜನವರಿ 1ರಂದು ರಿಸರ್ವ್ ಬ್ಯಾಂಕು ಮಣಿ ಎಂಬ ಆ್ಯಪ್ ಬಿಡುಗಡೆ ಮಾಡಿತು. ನೋಟಿನ ಮೇಲೆ ಕ್ಯಾಮೆರಾ ಹಿಡಿದರೆ ಎಷ್ಟರ ನೋಟು ಎಂದು ಬಾಯಿಬಿಟ್ಟು ಹೇಳುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ನೋಟು ಅಸಲಿಯೋ ನಕಲಿಯೋ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಅವರು ಮೊದಲ ದಿನ ಜೇಬಿನಲ್ಲಿದ್ದ ನೋಟುಗಳನ್ನೆಲ್ಲ ಈ ಮೇಜಿನ ಮೇಲೆ ಹರಡಿ ಒಂದೊಂದಾಗಿ ಎಣಿಸಿದರು. ಮೂವತ್ತೊಂದು ವರ್ಷ ನೋಟು ಎಣಿಸಿದ್ದೇನೆ, ಅಂಥ ಎಣಿಕೆ ನೋಡಿರಲಿಲ್ಲ. ಫೋನಿನ ಟಾಕ್‌ಬ್ಯಾಕ್ ಹಾಕಿಕೊಂಡು ಪರದೆಯ ಮೇಲಿನದ್ದನ್ನೆಲ್ಲ ಕನ್ನಡದಲ್ಲಿ ಕೇಳಿಸಿಕೊಂಡೇ ಅವರು ಮಗನಿಗೆ ಫೀಸು ಕಟ್ಟುತ್ತಾರೆ. ಕಣ್ಣಿರುವ ನಾವು 'ನಮ್ಮ ಕೈಲಿ ಆಗಲ್ಲ' ಎನ್ನುವಾಗ ನನಗೆ ಅವರ ನೆನಪಾಗುತ್ತದೆ.

ಇನ್ನು ಮೋಸದ ವಿಷಯ. ಇದನ್ನು ಬೇರೆಯವರ ಕಥೆಯಾಗಿ ಹೇಳುವುದಿಲ್ಲ, ನನ್ನ ಮನೆಯದೇ ಹೇಳುತ್ತೇನೆ. ನನ್ನ ಅಣ್ಣನಿಗೆ ವಾಟ್ಸ್ಆ್ಯಪ್‌ನಲ್ಲಿ ಪರಿಚಿತರ ನಂಬರಿನಿಂದಲೇ ಮದುವೆಯ ಕರೆಯೋಲೆ ಬಂತು. ಒತ್ತಿದ. ಪಟ ತೆರೆಯಲಿಲ್ಲ, 'ಇನ್‌ಸ್ಟಾಲ್' ಎಂದು ಕೇಳಿತು. ಅದಕ್ಕೂ ಒತ್ತಿದ. ಅದು ಕರೆಯೋಲೆಯಾಗಿರಲಿಲ್ಲ, ಹೆಸರಿನ ಕೊನೆಗೆ ಎಪಿಕೆ ಎಂಬ ಬಾಲವಿದ್ದ ಒಂದು ಆ್ಯಪ್. ಒಳಗೆ ಕೂತು, ಬಂದ ಮೆಸೇಜುಗಳನ್ನೆಲ್ಲ ಓದಿ ಕಳ್ಳರಿಗೆ ರವಾನಿಸುವ ಆ್ಯಪ್. ಅದೇ ರಾತ್ರಿ ಮೂರು ಕಂತಿನಲ್ಲಿ 48,000 ರೂಪಾಯಿ ಹೋಯಿತು. ಬೆಳಿಗ್ಗೆ ನೋಡಿದವನು ನನಗೆ ಹೇಳಿದ್ದು ಮಧ್ಯಾಹ್ನ. 'ತಂಗಿ ಬ್ಯಾಂಕಿನವಳು, ಏನಂದುಕೊಳ್ತಾಳೋ' ಎಂಬ ನಾಚಿಕೆ. ಆ ಐದು ಗಂಟೆಯೇ ನಮಗೆ ಮುಳುವಾಯಿತು. ಬೇಗ ತಿಳಿಸಿದ್ದರೆ ದುಡ್ಡು ಹೋದ ಖಾತೆಯಲ್ಲೇ ಅದನ್ನು ತಡೆಹಿಡಿಯಬಹುದಿತ್ತು. ತಿಳಿಸುವಷ್ಟರಲ್ಲಿ ಅದು ಮುಂದಿನ ಖಾತೆಗೆ ದಾಟಿ, ಅಲ್ಲಿಂದ ಎಟಿಎಂನಲ್ಲಿ ಕೈಸೇರಿತ್ತು. 9,000 ರೂಪಾಯಿ ಮಾತ್ರ ಸಿಕ್ಕಿತು.

ಅದಕ್ಕೇ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇನೆ: 1930. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಮೊದಲು ಆ ನಂಬರು, ಆಮೇಲೆ ಬ್ಯಾಂಕು, ಆಮೇಲೆ ಅಳು. ಇದಕ್ಕೆ ಕಾನೂನಿನ ಆಧಾರವೂ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ ನಿಮ್ಮದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎಂದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ನಷ್ಟ ಬೀಳುವುದಿಲ್ಲ. ನೀವೇ ಪಿನ್ನೋ ಒಟಿಪಿಯೋ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಹಾಗಾಗಿ ತಪ್ಪು ನಿಮ್ಮದೇ ಆಗಿದ್ದರೂ ಬೇಗ ಹೇಳುವುದರಲ್ಲಿ ಲಾಭವಿದೆ. ಮನೆಯ ಹಿರಿಯರು ದುಡ್ಡು ಕಳೆದುಕೊಂಡು ಬಂದರೆ ಬೈಯಬೇಡಿ ಎಂದು ಮಕ್ಕಳಿಗೆ ಕೈಮುಗಿದು ಕೇಳುತ್ತೇನೆ. ಬೈಗುಳಕ್ಕೆ ಹೆದರಿ ಅವರು ಮುಚ್ಚಿಟ್ಟ ಒಂದೊಂದು ಗಂಟೆಯೂ ಕಳ್ಳರಿಗೆ ಸಿಕ್ಕ ಗಂಟೆ.

'ಡಿಜಿಟಲ್ ಅರೆಸ್ಟ್' ಎನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ವಿಡಿಯೊ ಕರೆಯಲ್ಲಿ ಪೊಲೀಸ್ ಬಟ್ಟೆ ಹಾಕಿ ಕೂತು 'ಕರೆ ಕತ್ತರಿಸಿದರೆ ಜೈಲು' ಎನ್ನುವವರು ಕಳ್ಳರೇ. 2024ರ ಅಕ್ಟೋಬರಿನ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರೇ ಇದನ್ನು ಹೇಳಿದರು. ನಿಜವಾದ ಪೊಲೀಸರು ಮನೆಗೆ ಬರುತ್ತಾರೆ, ಠಾಣೆಗೆ ಕರೆಯುತ್ತಾರೆ, ಫೋನಿನಲ್ಲಿ ಕೂಡಿಹಾಕುವುದಿಲ್ಲ.

ಇನ್ನೊಂದು, ಯಾರೂ ಹೇಳದೇ ಬಿಡುವ ಮಾತು. ಹಳೆಯ ನಂಬರಿಗೆ ರೀಚಾರ್ಜ್ ಮಾಡಿಸದೆ ಬಿಟ್ಟರೆ ಅದು ಕಡಿತಗೊಂಡು, 90 ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಸಿಗಬಹುದು. ಆ ನಂಬರು ನಿಮ್ಮ ಬ್ಯಾಂಕಿನಲ್ಲಿ, ಆಧಾರಿನಲ್ಲಿ ಹಾಗೇ ಉಳಿದಿದ್ದರೆ ನಿಮ್ಮ ಒಟಿಪಿ ಗುರುತಿಲ್ಲದವರ ಫೋನಿಗೆ ಹೋಗುತ್ತದೆ. ನಂಬರು ಬದಲಾಯಿಸಿದರೆ ಮೊದಲು ಬ್ಯಾಂಕಿಗೆ ಹೋಗಿ. ಫೋನೇ ಕಳೆದುಹೋದರೆ ಪೊಲೀಸರಿಗೆ ದೂರು ಕೊಟ್ಟು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಫೋನನ್ನು ನಮ್ಮ ದೇಶದಲ್ಲಿ ಎಲ್ಲಿಯೂ ನಡೆಯದ ಹಾಗೆ ತಡೆಯಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಹೋದ ವಾರ ನೋಡಿದಾಗ ಇಲ್ಲಿನ ಒಬ್ಬರ ಹೆಸರಿನಲ್ಲಿ ಅವರು ಕಾಣದ ಎರಡು ಸಿಮ್ ಇದ್ದವು.

ಹೊಸದಾಗಿ ಬರುತ್ತಿರುವ ಸೌಕರ್ಯಗಳಲ್ಲಿ ನಮ್ಮಂಥ ಊರಿಗೆ ಒಗ್ಗುವ ಕೆಲವನ್ನಷ್ಟೇ ಹೇಳುತ್ತೇನೆ. ಕೀಪ್ಯಾಡ್ ಫೋನಿನವರಿಗೂ ಯುಪಿಐ ಇದೆ, 2022ರ ಮಾರ್ಚಿನಿಂದ. ಕರೆ ಮಾಡಿ, ಹೇಳಿದ ಹಾಗೆ ಅಂಕಿ ಒತ್ತಿದರಾಯಿತು. ಟೀ, ಬಸ್ಸಿನಂಥ ಸಣ್ಣ ಖರ್ಚಿಗೆ ಯುಪಿಐ ಲೈಟ್ ಇದೆ. ಅದರಲ್ಲಿ 5,000ದವರೆಗೆ ಹಾಕಿಟ್ಟುಕೊಂಡು ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಜನರ ನಡುವೆ ಪಿನ್ ಒತ್ತಬೇಕಾದ ಸಂದರ್ಭಗಳೇ ಕಡಿಮೆಯಾಗುತ್ತವೆ.

ನಾನು ಎಲ್ಲಕ್ಕಿಂತ ಮೆಚ್ಚಿದ್ದು ಯುಪಿಐ ಸರ್ಕಲ್. 2024ರ ಆಗಸ್ಟಿನಲ್ಲಿ ಬಂತು. ಮನೆಯವರೊಬ್ಬರು ನಿಮ್ಮ ಖಾತೆಯಿಂದ ತಮ್ಮ ಫೋನಿನಲ್ಲೇ ಖರ್ಚು ಮಾಡುವಂತೆ ನೀವು ಒಪ್ಪಿಗೆ ಕೊಡಬಹುದು. ಒಂದು ರೀತಿಯಲ್ಲಿ ತಿಂಗಳಿಗೆ ಇಷ್ಟು ಎಂದು ಮಿತಿ, ಹೆಚ್ಚೆಂದರೆ 15,000. ಇನ್ನೊಂದು ರೀತಿಯಲ್ಲಿ ಅವರು ಒತ್ತಿದಾಗಲೆಲ್ಲ ನಿಮ್ಮ ಫೋನಿಗೆ ಬಂದು ಕೇಳುತ್ತದೆ, ನೀವು ನಿಮ್ಮ ಪಿನ್ ಒತ್ತಿದರೆ ಮಾತ್ರ ಹೋಗುತ್ತದೆ. ಮೊಮ್ಮಗ ಸಾಮಾನು ತರಲು ಹೋಗಲಿ, ಅಜ್ಜಿಯ ಪಿನ್ನು ಅಜ್ಜಿಯ ಹತ್ತಿರವೇ ಇರಲಿ. ಚೀಟಿ ಅಂಟಿಸಿಕೊಂಡಿದ್ದ ಆ ಅಜ್ಜಿಗೆ ಈಗ ಇದನ್ನೇ ಮಾಡಿಕೊಟ್ಟಿದ್ದೇವೆ. ಹೊಸ ಪಿನ್ ಅವರೇ ಆರಿಸಿದರು. ಏನೆಂದು ನಾನು ಕೇಳಲಿಲ್ಲ, ಆ ಕಡೆ ತಿರುಗಿ ನಿಂತಿದ್ದೆ.

2025ರ ಅಕ್ಟೋಬರಿನಿಂದ ಇನ್ನೊಂದು ಬದಲಾವಣೆ. ಪಿನ್ನಿನ ಬದಲು ಫೋನಿಗೆ ಬೆರಳಚ್ಚು ಅಥವಾ ಮುಖ ತೋರಿಸಿ ದುಡ್ಡು ಕಳಿಸಲು ಅನುಮತಿ ಸಿಕ್ಕಿತು. ಹೆಬ್ಬೆಟ್ಟು ಮತ್ತೆ ಬಂತು! ನನಗೆ ಇದರಿಂದ ಎಷ್ಟು ಸಮಾಧಾನವಾಯಿತೆಂದು ಬಾಯಲ್ಲಿ ಹೇಳಲಾರೆ. ಆದರೆ ಅದನ್ನು ಹಾಕಿಕೊಳ್ಳುವ ಮುಂಚೆ ಒಂದು ಕೆಲಸ ಆಗಬೇಕು. ನಿಮ್ಮ ಫೋನಿನಲ್ಲಿ ಯಾರ ಯಾರ ಬೆರಳು ದಾಖಲಾಗಿದೆ ನೋಡಿಕೊಳ್ಳಿ.

ಇಷ್ಟು ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಹಿರಿಯರು ಎದ್ದು ಬಂದು ಫೋನು ಕೊಟ್ಟರು. 'ನಂದ್ರಲ್ಲಿ ಯಾರ್ದೈತೆ ನೋಡವ್ವ.' ಎಲ್ಲರೆದುರು ಸೆಟ್ಟಿಂಗ್ಸ್ ತೆರೆದೆವು. ಎರಡು ಬೆರಳು ಇದ್ದವು, ಎರಡೂ ಮೊಮ್ಮಗನವು. ಅವನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ, ನಾಚಿಕೊಂಡು ಒಳಗೆ ಬಂದ. ಅವನ ಬೆರಳಿನಿಂದಲೇ ಬೀಗ ತೆಗೆಸಿ, ತಾತನದನ್ನು ಸೇರಿಸಲು ಕೂತೆವು. ನಲವತ್ತು ವರ್ಷ ಕಾಯಿ ಸುಲಿದ ಕೈ. ಬಲಗೈ ಹೆಬ್ಬೆರಳನ್ನು ಫೋನು ಒಪ್ಪಲಿಲ್ಲ, ತೋರುಬೆರಳನ್ನೂ ಒಪ್ಪಲಿಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆಯೂ ಹೀಗೇ ಆಗುತ್ತದೆ ಎಂದು ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎಡಗೈಯ ಉಂಗುರದ ಬೆರಳು ಇಡಿಸಿದೆವು. ಫೋನು ಸಣ್ಣಗೆ ನಡುಗಿತು. ಇನ್ನೊಮ್ಮೆ ಇಡಲು ಕೇಳಿತು. ಎತ್ತಿ, ಇಟ್ಟು, ಎತ್ತಿ, ಇಟ್ಟು, ಪರದೆಯ ಮೇಲಿನ ಗೆರೆಗಳು ಒಂದೊಂದಾಗಿ ತುಂಬಿಕೊಂಡವು. ಮೊಮ್ಮಗ ತನ್ನ ಎರಡು ಬೆರಳನ್ನು ತಾನೇ ಅಳಿಸಿದ. ಪರದೆ ಆರಿಸಿ ತಾತನ ಕೈಗೆ ಕೊಟ್ಟೆವು. ಅವರು ಎಡಗೈ ಇಟ್ಟರು, ತೆರೆಯಿತು. ಆರಿಸಿ ಮತ್ತೆ ಇಟ್ಟರು, ಮತ್ತೆ ತೆರೆಯಿತು.

ಅಷ್ಟರಲ್ಲಿ ಮೇಜಿನ ಮುಂದೆ ಸಾಲು ನಿಂತಿತ್ತು. ಮಾತು ಅಲ್ಲಿಗೇ ನಿಲ್ಲಿಸಿ ಒಬ್ಬೊಬ್ಬರದೇ ಫೋನು ನೋಡತೊಡಗಿದೆವು.